ಅಂಕಿ ಹೇಳುವ ಆಟಗಾರ, ಕಣ್ಣಿಗೆ ಕಾಣುವ ಆಟಗಾರ: ಬೇಸ್‌ಬಾಲ್‌ನಲ್ಲಿ ಯಾರನ್ನು ನಂಬಬೇಕು?

ಮೊದಲು ಒಂದು ಸಣ್ಣ ಲೆಕ್ಕ. ಬೇಸ್‌ಬಾಲ್‌ನಲ್ಲಿ .300 ಸರಾಸರಿಯ ಬ್ಯಾಟರ್ ಎಂದರೆ ದೊಡ್ಡ ಹೆಸರು; .275 ಎಂದರೆ ‘ಪರವಾಗಿಲ್ಲ’. ಒಂದು ಸೀಸನ್‌ನಲ್ಲಿ ಇಬ್ಬರಿಗೂ 500 ಅವಕಾಶ ಸಿಕ್ಕಿತು ಎಂದಿಟ್ಟುಕೊಳ್ಳಿ. ಮೊದಲನೆಯವನದು 150 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದ್ದು), ಎರಡನೆಯವನದು 137 ಅಥವಾ 138. ವ್ಯತ್ಯಾಸ ಹನ್ನೆರಡೋ ಹದಿಮೂರೋ. ಸೀಸನ್ ನಡೆಯುವುದು ಸುಮಾರು 26 ವಾರ. ಅಂದರೆ ದೊಡ್ಡ ಹೆಸರಿಗೂ ‘ಪರವಾಗಿಲ್ಲ’ಕ್ಕೂ ನಡುವೆ ಇರುವುದು ಎರಡು ವಾರಕ್ಕೊಂದು ಹಿಟ್. ಎರಡು ವಾರದಲ್ಲಿ ಅವನು ಸುಮಾರು ನಲವತ್ತು ಸಲ ಬ್ಯಾಟ್ ಹಿಡಿದು ನಿಲ್ಲುತ್ತಾನೆ. ಒಂದು ಪಂದ್ಯವನ್ನೂ ಬಿಡದೆ ನೋಡಿದವನಿಗೂ ಆ ನಲವತ್ತರಲ್ಲಿ ಹೆಚ್ಚಿಗೆ ಬಂದ ಒಂದು ಯಾವುದು ಎಂದು ಗೊತ್ತಾಗುವುದಿಲ್ಲ.

ಅಮೆರಿಕಕ್ಕೆ ಬಂದು ನಾಲ್ಕೈದು ವರ್ಷ ಕಳೆದ ಮೇಲೆ ಬೇಸ್‌ಬಾಲ್ ರುಚಿ ಹತ್ತಿಸಿಕೊಳ್ಳುವ ಕನ್ನಡಿಗರು ಬೇಕಾದಷ್ಟು ಜನ ಇದ್ದಾರೆ. ಮೊದಮೊದಲು ‘ಇದೇನು, ಚಿನ್ನಿದಾಂಡಿನ ದೊಡ್ಡಪ್ಪ’ ಎಂದು ನಗುತ್ತಾರೆ. ಆಮೇಲೆ ಆಫೀಸಿನ ಫ್ಯಾಂಟಸಿ ಲೀಗ್ ಸೇರಿಕೊಂಡು, ಮಾರ್ಚ್ ತಿಂಗಳಲ್ಲಿ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ‘ಇವನನ್ನ ತಗೊಳ್ಲಾ, ಅವನನ್ನ ತಗೊಳ್ಲಾ?’ ಎನ್ನುತ್ತಾರೆ. ನಾನೂ ಅದೇ ದಾರಿಯಲ್ಲಿ ಬಂದವನು. ನಮ್ಮ ಮನೆಯಲ್ಲಿ ಜಿ.ಆರ್. ವಿಶ್ವನಾಥ್ ಅವರ 41.93ರ ಟೆಸ್ಟ್ ಸರಾಸರಿಯ ಮಾತು ಎತ್ತುವಂತೆಯೇ ಇರಲಿಲ್ಲ. ಎತ್ತಿದರೆ 1975ರಲ್ಲಿ ಚೆಪಾಕ್‌ನಲ್ಲಿ ಆಂಡಿ ರಾಬರ್ಟ್ಸ್ ಎದುರು ಹೊಡೆದ ಔಟಾಗದ 97ರ ಕಥೆ ಶುರುವಾಗುತ್ತಿತ್ತು, ಊಟ ತಣ್ಣಗಾಗುತ್ತಿತ್ತು. ಹೀಗೆ ಬೆಳೆದವನು ಬೇಸ್‌ಬಾಲ್‌ಗೆ ಬಂದಾಗ ಕಣ್ಣಿನ ಪಕ್ಷದಲ್ಲೇ ಇದ್ದೆ. ಈಗ ಅರ್ಧ ಪಕ್ಷಾಂತರ ಮಾಡಿದ್ದೇನೆ. ಪೂರ್ತಿ ಏಕೆ ಮಾಡಿಲ್ಲ ಎಂಬುದನ್ನೂ ಹೇಳುತ್ತೇನೆ.

ಯಾವುದನ್ನು ನಂಬಬೇಕು ಎಂಬುದು ನೀವು ಅಳೆಯುತ್ತಿರುವುದು ಏನನ್ನು ಎಂಬುದರ ಮೇಲೆ ನಿಂತಿದೆ. ಆ ಕೆಲಸ ಸೀಸನ್‌ಗೆ ಎಷ್ಟು ಸಲ ನಡೆಯುತ್ತದೆ? ನಡೆದದ್ದೆಲ್ಲ ಪುಸ್ತಕಕ್ಕೆ ಇಳಿಯುತ್ತದೆಯೇ? ಎರಡಕ್ಕೂ ಉತ್ತರ ಚೆನ್ನಾಗಿದ್ದರೆ ಅಂಕಿ ಹಿಡಿಯಿರಿ. ಒಂದಾದರೂ ಕುಂಟಿದರೆ ಕಣ್ಣು ಬೇಕು.

ಬ್ಯಾಟಿಂಗ್: ಅಂಕಿಯದೇ ಮಾತು, ಆದರೆ ಯಾವ ಅಂಕಿ?

ಬೇಸ್‌ಬಾಲ್‌ನ ಅಂಕಿಯ ಹುಚ್ಚಿಗೆ ಕ್ರಿಕೆಟ್‌ನ ಬೇರಿದೆ. ಪಂದ್ಯದ ಸಾರವನ್ನು ಪುಟ್ಟ ಕೋಷ್ಟಕದಲ್ಲಿ ಹಿಡಿದಿಡುವ ‘ಬಾಕ್ಸ್ ಸ್ಕೋರ್’ ರೂಪಿಸಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನ ಎಕ್ಸಿಟರ್‌ನಲ್ಲಿ ಹುಟ್ಟಿ, ಬ್ರೂಕ್ಲಿನ್‌ನಲ್ಲಿ ಬೆಳೆದು, ಕ್ರಿಕೆಟ್ ವರದಿ ಬರೆಯುತ್ತಿದ್ದ ಪತ್ರಕರ್ತ. ಅವರ ಕ್ರಿಕೆಟ್ ಕಣ್ಣಿಗೆ ‘ವಾಕ್’ ಎಂಬುದು ಚೆಂಡೆಸೆಯುವ ಪಿಚರ್‌ನ ತಪ್ಪು, ಬ್ಯಾಟರ್‌ನ ಸಾಧನೆಯಲ್ಲ. ನಾಲ್ಕು ಕೆಟ್ಟ ಎಸೆತ ಬಿಟ್ಟುಕೊಟ್ಟು ಬ್ಯಾಟರ್ ಮೊದಲ ಬೇಸ್‌ಗೆ ನಡೆದುಹೋಗುತ್ತಾನಲ್ಲ, ಅದೇ ವಾಕ್. ಬ್ಯಾಟಿಂಗ್ ಸರಾಸರಿಯಲ್ಲಿ ಅದಕ್ಕೆ ಇಂದಿಗೂ ಜಾಗವಿಲ್ಲ.

ಇದರಿಂದ ಆಗುವ ಎಡವಟ್ಟು ನೋಡಿ. ಒಬ್ಬ 600 ಸಲ ಬ್ಯಾಟಿಂಗ್‌ಗೆ ಬಂದು 30 ವಾಕ್, 160 ಹಿಟ್ ಮಾಡಿದ. ವಾಕ್ ಕಳೆದರೆ 570ಕ್ಕೆ 160, ಸರಾಸರಿ .281. ಇನ್ನೊಬ್ಬ ಅಷ್ಟೇ ಸಲ ಬಂದು 90 ವಾಕ್, 135 ಹಿಟ್. ಅವನ ಸರಾಸರಿ .265. ಪತ್ರಿಕೆ ನೋಡಿದವರು ಮೊದಲನೆಯವನನ್ನೇ ಆರಿಸುತ್ತಾರೆ. ಆದರೆ ಮೊದಲನೆಯವನು ಬೇಸ್ ಮುಟ್ಟಿದ್ದು 190 ಸಲ, ಎರಡನೆಯವನು 225 ಸಲ. ಬೇಸ್ ಮುಟ್ಟುವ ಪ್ರಮಾಣ, ಇಲ್ಲಿಯವರ ಬಾಯಲ್ಲಿ ‘ಒಬಿಪಿ’, ಒಬ್ಬನದು .317, ಇನ್ನೊಬ್ಬನದು .375. ತಂಡಕ್ಕೆ ಒಂದು ಪಂದ್ಯದಲ್ಲಿ ಇರುವುದೇ 27 ಔಟ್. ಎರಡನೆಯವನು 35 ಔಟ್ ಉಳಿಸಿಕೊಟ್ಟ. ಅವನು ಮಾಡಿದ್ದಾದರೂ ಏನು? ಬ್ಯಾಟ್ ಬೀಸದೆ ಸುಮ್ಮನೆ ನಿಂತದ್ದು. ಕಣ್ಣಿಗೆ ಇದಕ್ಕಿಂತ ನೀರಸವಾದದ್ದು ಇನ್ನೊಂದಿಲ್ಲ.

ಕ್ಯಾನ್ಸಸ್‌ನಲ್ಲಿ ಬೀನ್ಸ್ ಡಬ್ಬಿಗೆ ತುಂಬುವ ಕಾರ್ಖಾನೆಯ ಕಾವಲುಗಾರನಾಗಿದ್ದ ಬಿಲ್ ಜೇಮ್ಸ್ 1977ರಿಂದ ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿ ಹೇಳುತ್ತಾ ಬಂದದ್ದು ಇಂಥದ್ದನ್ನೇ. ಅದನ್ನು ದುಡ್ಡಿನ ಲೆಕ್ಕಕ್ಕೆ ತಂದು ಹೆಸರಾದದ್ದು ಬಿಲ್ಲಿ ಬೀನ್ ಅವರ ಓಕ್ಲೆಂಡ್ ತಂಡ. 2002ರಲ್ಲಿ ಅವರ ಸಂಬಳದ ಪಟ್ಟಿ ಸುಮಾರು 4 ಕೋಟಿ ಡಾಲರ್, ನ್ಯೂಯಾರ್ಕ್ ಯಾಂಕೀಸ್‌ನದು ಸುಮಾರು 12.5 ಕೋಟಿ. ಇಬ್ಬರೂ ಗೆದ್ದದ್ದು 103 ಪಂದ್ಯ. ಮೊಣಕೈ ನರಕ್ಕೆ ಪೆಟ್ಟಾಗಿ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಕೆಲಸ ಬಿಡಬೇಕಾಗಿದ್ದ ಸ್ಕಾಟ್ ಹ್ಯಾಟೆಬರ್ಗ್‌ನನ್ನು ಅವರು ತಾಳ್ಮೆಯ ಬ್ಯಾಟಿಂಗ್‌ಗಾಗಿ ಕರೆತಂದು ಮೊದಲ ಬೇಸ್‌ನಲ್ಲಿ ನಿಲ್ಲಿಸಿದ್ದರು. ಸತತ ಇಪ್ಪತ್ತನೆಯ ಗೆಲುವಿನ ಹೋಮ್ ರನ್ ಹೊಡೆದವನೂ ಅವನೇ.

ಇಲ್ಲಿ ಒಂದು ತಕರಾರು. ಈ ಕಥೆ ಹೇಳುವವರು ಅದೇ ತಂಡದ ಪಿಚರ್‌ಗಳಾದ ಬ್ಯಾರಿ ಜಿಟೊ, ಟಿಮ್ ಹಡ್ಸನ್, ಮಾರ್ಕ್ ಮಲ್ಡರ್ ಅವರನ್ನು ಮರೆತೇಬಿಡುತ್ತಾರೆ. ಆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದ ಮಿಗೆಲ್ ಟೆಹಾಡಾ ಅದೇ ತಂಡದ ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್), ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹದಿಹರೆಯದಲ್ಲೇ ಪ್ರತಿಭೆ ಹುಡುಕುವ ಸ್ಕೌಟ್‌ಗಳ ಕಣ್ಣಿಗೆ ಬಿದ್ದಿದ್ದವನು. ಲ್ಯಾಪ್‌ಟಾಪ್ ಒಂದೇ 103 ಪಂದ್ಯ ಗೆಲ್ಲಿಸಲಿಲ್ಲ.

ಅಂಕಿ–ಕಣ್ಣುಗಳ ಜಗಳಕ್ಕೆ ಎಲ್ಲರೂ ಕೊಡುವ ಉದಾಹರಣೆ 2012ರದು. ಡೆಟ್ರಾಯಿಟ್‌ನ ಮಿಗೆಲ್ ಕಬ್ರೆರಾ ಆ ವರ್ಷ .330 ಸರಾಸರಿ, 44 ಹೋಮ್ ರನ್, 139 ಆರ್‌ಬಿಐ ಮಾಡಿ, ಮೂರರಲ್ಲೂ ಅಮೆರಿಕನ್ ಲೀಗ್‌ಗೆ ಮೊದಲಿಗನಾಗಿ ‘ಟ್ರಿಪಲ್ ಕ್ರೌನ್’ ಗೆದ್ದ. 1967ರ ನಂತರ ಯಾರೂ ಅದನ್ನು ಮಾಡಿರಲಿಲ್ಲ. ಎದುರಿಗೆ ಇಪ್ಪತ್ತರ ಹರೆಯದ ಮೈಕ್ ಟ್ರೌಟ್: .326, 30 ಹೋಮ್ ರನ್, 49 ಬೇಸ್ ಕದ್ದದ್ದು (ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಸೇರಿದ್ದು), ಜೊತೆಗೆ ಸೆಂಟರ್‌ಫೀಲ್ಡ್‌ನಲ್ಲಿ ಗೋಡೆ ಹತ್ತಿ ಹಿಡಿದ ಚೆಂಡುಗಳು. ಎಲ್ಲ ಕೆಲಸವನ್ನೂ ಕೂಡಿ ಒಂದೇ ಅಂಕಿಯಾಗಿಸುವ ‘ವಾರ್’ ಲೆಕ್ಕದಲ್ಲಿ ಟ್ರೌಟ್ ಬಹಳ ಮುಂದಿದ್ದ. ಅತ್ಯುತ್ತಮ ಆಟಗಾರ ಪ್ರಶಸ್ತಿಗೆ ಮತ ಹಾಕಿದ 28 ಪತ್ರಕರ್ತರಲ್ಲಿ 22 ಜನ ಕಬ್ರೆರಾಗೆ ಮೊದಲ ಸ್ಥಾನ ಕೊಟ್ಟರು.

ಆಗ ಎಲ್ಲರೂ ‘ಕಣ್ಣು ಗೆದ್ದಿತು, ಕಂಪ್ಯೂಟರ್ ಸೋತಿತು’ ಎಂದರು. ನನಗೆ ಅದು ಹಾಗೆ ಕಾಣುವುದಿಲ್ಲ. ಕಬ್ರೆರಾ ಪರ ವಾದಿಸಿದವರ ಕೈಯಲ್ಲಿ ಇದ್ದದ್ದೂ ಮೂರು ಅಂಕಿಯೇ, ಹಳೆಯ ಅಂಕಿ ಅಷ್ಟೇ. ಅದರಲ್ಲಿ ಒಂದಾದ ಆರ್‌ಬಿಐ, ಅಂದರೆ ನಿಮ್ಮ ಹೊಡೆತಕ್ಕೆ ಎಷ್ಟು ಜನ ಓಡಿ ರನ್ ಗಳಿಸಿದರು ಎಂಬುದು, ನಿಮಗಿಂತ ಮುಂಚೆ ಬಂದವರು ಬೇಸ್ ಮೇಲೆ ಇದ್ದರೋ ಇಲ್ಲವೋ ಎಂಬುದರ ಮೇಲೇ ನಿಂತಿದೆ. ಟ್ರೌಟ್ ಮೊದಲ ಕ್ರಮಾಂಕದ ಬ್ಯಾಟರ್. ಅವನ ಮುಂದೆ ಯಾರಿರುತ್ತಾರೆ? ‘ತಂಡವನ್ನು ಗೆಲ್ಲಿಸಿದವನು ಕಬ್ರೆರಾ’ ಎಂದೂ ಹೇಳಿದರು. ಡೆಟ್ರಾಯಿಟ್ ಆ ಸೀಸನ್‌ನಲ್ಲಿ ಗೆದ್ದದ್ದು 88 ಪಂದ್ಯ, ಟ್ರೌಟ್‌ನ ಏಂಜಲ್ಸ್ 89. ಸುಲಭದ ಡಿವಿಷನ್‌ನಲ್ಲಿದ್ದ ತಂಡ ಮುಂದಿನ ಸುತ್ತಿಗೆ ಹೋಯಿತು. ನಿಜವಾಗಿ ಕಣ್ಣುಬಿಟ್ಟು ನೋಡಿದವನು ಟ್ರೌಟ್‌ನನ್ನೇ ಆರಿಸುತ್ತಿದ್ದ ಎಂಬುದು ನನ್ನ ಅನಿಸಿಕೆ. ಓಟ, ಹಿಡಿತ, ಬೇಸ್ ಕದಿಯುವ ಸಮಯಪ್ರಜ್ಞೆ ಎಲ್ಲವೂ ಕಣ್ಣೆದುರಿಗೇ ಇದ್ದವು. ಆದ್ದರಿಂದ ‘ನಾನು ಆಟ ನೋಡಿ ಹೇಳ್ತೀನಿ’ ಎನ್ನುವವರು ಸಿಕ್ಕಾಗ ಅವರ ಬಾಯಿಂದ ಬರುವ ಮೊದಲ ಮೂರು ಮಾತು ಗಮನಿಸಿ. ಬಹಳಷ್ಟು ಸಲ ಅವೂ ಅಂಕಿಗಳೇ ಆಗಿರುತ್ತವೆ.

ಬ್ಯಾಟಿಂಗ್ ಬಗ್ಗೆ ಇನ್ನೆರಡು ಎಚ್ಚರಿಕೆ. ಡೆನ್ವರ್‌ನ ಕೂರ್ಸ್ ಫೀಲ್ಡ್ ಇರುವುದು ಸಮುದ್ರಮಟ್ಟದಿಂದ ಸುಮಾರು 5,200 ಅಡಿ ಎತ್ತರದಲ್ಲಿ. ತೆಳುಗಾಳಿಯಲ್ಲಿ ಚೆಂಡು ದೂರ ಹೋಗುತ್ತದೆ, ಪಿಚರ್‌ನ ತಿರುವು ಕಡಿಮೆಯಾಗುತ್ತದೆ. ಅಲ್ಲಿ ಆಡುವವನ ಅಂಕಿಯನ್ನು ಮೈದಾನದ ಲೆಕ್ಕ ಕಳೆಯದೆ ಓದಬೇಡಿ. ಎರಡನೆಯದು ಏಪ್ರಿಲ್ ತಿಂಗಳು. ಮೊದಲ ಮೂರು ವಾರ .400 ಹೊಡೆದವನು ಪ್ರತಿ ವರ್ಷ ಒಬ್ಬ ಸಿಗುತ್ತಾನೆ, ನಮ್ಮ ಲೀಗ್‌ನಲ್ಲಿ ಅವನಿಗಾಗಿ ಕಾದಾಟವೂ ನಡೆಯುತ್ತದೆ. ಸ್ಟ್ರೈಕ್‌ಔಟ್ (ಒಳ್ಳೆಯ ಎಸೆತಗಳನ್ನು ಹೊಡೆಯಲಾಗದೆ ಮೂರನೆಯ ಸಲಕ್ಕೆ ಔಟಾಗುವುದು) ಪ್ರಮಾಣ ಕೆಲವೇ ವಾರಗಳಲ್ಲಿ ನಿಜ ಹೇಳತೊಡಗುತ್ತದೆ. ಸರಾಸರಿಗೆ ಒಂದು ಇಡೀ ಸೀಸನ್ ಕೂಡ ಸಾಲದು.

ಪಿಚಿಂಗ್

ಇದನ್ನು ಬೇಗ ಮುಗಿಸುತ್ತೇನೆ, ಏಕೆಂದರೆ ಇಲ್ಲಿ ಜಗಳ ಹೆಚ್ಚುಕಡಿಮೆ ಮುಗಿದಿದೆ. ಪಿಚರ್‌ನ ಗೆಲುವು–ಸೋಲಿನ ಲೆಕ್ಕವನ್ನು ಮರೆತುಬಿಡಿ. 2010ರಲ್ಲಿ ಸಿಯಾಟಲ್‌ನ ಫೆಲಿಕ್ಸ್ ಹೆರ್ನಾಂಡೆಜ್ ಬಿಟ್ಟುಕೊಟ್ಟದ್ದು ಒಂಬತ್ತು ಇನ್ನಿಂಗ್ಸ್‌ಗೆ 2.27 ರನ್, ಲೆಕ್ಕದಲ್ಲಿ ಮಾತ್ರ 13 ಗೆಲುವು, 12 ಸೋಲು. ಅವನ ತಂಡ ಆ ವರ್ಷ ಇಡೀ ಮೇಜರ್ ಲೀಗ್‌ನಲ್ಲೇ ಅತಿ ಕಡಿಮೆ ರನ್ ಮಾಡಿದ ತಂಡ. ಆದರೂ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವನಿಗೇ ಬಂತು. 2018ರಲ್ಲಿ ಜೇಕಬ್ ಡಿಗ್ರಾಮ್ ಬರೀ 10 ಗೆಲುವಿನಲ್ಲಿ ಅದೇ ಪ್ರಶಸ್ತಿ ಪಡೆದಾಗ ಹುಬ್ಬೇರಿಸಿದವರು ಕಡಿಮೆ.

ಇನ್ನೂ ಆಳದ ಮಾತು ಹೇಳಿದವನು ಅಂಕಿಗಳ ವಿಶ್ಲೇಷಕ ವೊರೊಸ್ ಮೆಕ್ರ್ಯಾಕನ್, 2001ರಲ್ಲಿ. ಚೆಂಡು ಬ್ಯಾಟ್‌ಗೆ ತಗುಲಿ ಮೈದಾನದೊಳಗೆ ಬಿದ್ದ ಮೇಲೆ ಅದು ಹಿಟ್ ಆಗುವುದು ಬಿಡುವುದು ಬಹುಪಾಲು ಪಿಚರ್ ಕೈಯಲ್ಲಿಲ್ಲ. ಅವನ ಕೈಯಲ್ಲಿರುವುದು ಸ್ಟ್ರೈಕ್‌ಔಟ್, ವಾಕ್, ಹೋಮ್ ರನ್. ಕೇಳಿದವರು ಮೊದಲು ನಕ್ಕರು, ಆಮೇಲೆ ಲೆಕ್ಕ ಹಾಕಿ ಸುಮ್ಮನಾದರು. ಹೊಡೆತವನ್ನು ಪೇಲವಗೊಳಿಸುವ ಕಲೆ ಕೆಲವರಿಗೆ ಸ್ವಲ್ಪಮಟ್ಟಿಗೆ ಇದೆ ಎಂದು ನಂತರ ತಿದ್ದಿಕೊಂಡದ್ದೂ ಉಂಟು. ಯಾವುದಕ್ಕೂ ಪಿಚರ್‌ನನ್ನು ಆರಿಸುವಾಗ ಮೊದಲು ಸ್ಟ್ರೈಕ್‌ಔಟ್ ಮತ್ತು ವಾಕ್ ನೋಡಿ.

ಫೀಲ್ಡಿಂಗ್: ಇಬ್ಬರೂ ಎಡವುವ ಜಾಗ

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆಯನ್ನು ಡೆರೆಕ್ ಜೀಟರ್‌ಗಾಗಿಯೇ ಮಾಡಿದಂತಿದೆ. ಯಾಂಕೀಸ್‌ನ ಈ ಶಾರ್ಟ್‌ಸ್ಟಾಪ್ ಬಲಗಡೆಗೆ ಓಡಿ, ಚೆಂಡು ಹಿಡಿದು, ಗಾಳಿಯಲ್ಲಿ ಹಾರಿ ತಿರುಗಿ ಮೊದಲ ಬೇಸ್‌ಗೆ ಎಸೆಯುತ್ತಿದ್ದ ರೀತಿಯನ್ನು ಮಕ್ಕಳು ಬೀದಿಯಲ್ಲಿ ಅನುಕರಿಸುತ್ತಿದ್ದರು. ಮ್ಯಾನೇಜರ್‌ಗಳು, ಕೋಚ್‌ಗಳು ಮತ ಹಾಕಿ ಕೊಡುತ್ತಿದ್ದ ಫೀಲ್ಡಿಂಗ್ ಪ್ರಶಸ್ತಿ ಗೋಲ್ಡ್ ಗ್ಲವ್ ಅವನಿಗೆ ಐದು ಸಲ ಬಂತು. ಐದನೆಯದು ಬಂದ 2010ರಲ್ಲಿ ಅವನ ತಪ್ಪುಗಳು ಇಡೀ ಸೀಸನ್‌ಗೆ ಆರೇ ಆರು. ಆದರೆ ಯಾವ ಚೆಂಡು ಎಲ್ಲಿಗೆ ಹೋಯಿತು, ಎಷ್ಟನ್ನು ಔಟ್ ಮಾಡಿದ ಎಂದು ಲೆಕ್ಕ ಹಾಕುವ ಹೊಸ ಅಳತೆಗಳಲ್ಲಿ ಅವನು ವರ್ಷಗಟ್ಟಲೆ ಲೀಗ್‌ನ ಶಾರ್ಟ್‌ಸ್ಟಾಪ್‌ಗಳ ಸಾಲಿನ ಕೆಳತುದಿಯಲ್ಲಿದ್ದ.

ಎರಡೂ ಹೇಗೆ ನಿಜವಾಗಲು ಸಾಧ್ಯ? ಕೈಗೆ ಸಿಗಬೇಕಾದ ಚೆಂಡನ್ನು ಕೈಬಿಟ್ಟರೆ ಅಥವಾ ತಪ್ಪಾಗಿ ಎಸೆದರೆ ‘ಎರರ್’ ಬರೆಯುತ್ತಾರೆ. ಮುಟ್ಟಲಿಕ್ಕೇ ಆಗದ ಚೆಂಡಿಗೆ ಯಾರ ಹೆಸರಿನಲ್ಲೂ ಏನೂ ಬರೆಯುವುದಿಲ್ಲ. ಅದು ಬ್ಯಾಟರ್‌ನ ಹಿಟ್ ಆಗಿ ದಾಖಲಾಗುತ್ತದೆ. ಜೀಟರ್ ಮುಟ್ಟಿದ್ದನ್ನು ಬಿಡುತ್ತಿರಲಿಲ್ಲ, ನಿಜ. ಆದರೆ ಇನ್ನೊಬ್ಬ ಶಾರ್ಟ್‌ಸ್ಟಾಪ್ ಎರಡು ಹೆಜ್ಜೆ ಇಟ್ಟು ನಿರಾಯಾಸವಾಗಿ ತೆಗೆದುಕೊಳ್ಳುತ್ತಿದ್ದ ಚೆಂಡು ಅವನ ಪಕ್ಕದಿಂದ ಹಾದುಹೋಗುತ್ತಿತ್ತು, ನಾವು ‘ಒಳ್ಳೆ ಹೊಡೆತ’ ಎನ್ನುತ್ತಿದ್ದೆವು. ಸುಲಭಕ್ಕೂ ಅಸಾಧ್ಯಕ್ಕೂ ನಡುವಿನ ಚೆಂಡುಗಳಿಗೆ ಅವನು ಹಾರಿ ಎಸೆಯಬೇಕಾಗುತ್ತಿತ್ತು, ನಾವು ಎದ್ದು ನಿಲ್ಲುತ್ತಿದ್ದೆವು.

ಟಿವಿಯಲ್ಲಿ ನೋಡಿದರಂತೂ ಈ ಮೋಸ ಇಮ್ಮಡಿ. ಕ್ಯಾಮೆರಾ ಪಿಚರ್ ಹಿಂದೆ ಇರುತ್ತದೆ. ಚೆಂಡು ಬ್ಯಾಟ್‌ಗೆ ಬಡಿದ ಮೇಲೆ ಫೀಲ್ಡರ್ ಕಡೆಗೆ ತಿರುಗುತ್ತದೆ. ಅಷ್ಟರಲ್ಲಿ ಮುಖ್ಯವಾದದ್ದು ಮುಗಿದಿರುತ್ತದೆ: ಎಲ್ಲಿ ನಿಂತಿದ್ದ, ಮೊದಲ ಹೆಜ್ಜೆ ಯಾವಾಗ ಇಟ್ಟ. ‘ನಾನು ಅವನ ಫೀಲ್ಡಿಂಗ್ ನೋಡಿದ್ದೇನೆ’ ಎನ್ನುವ ಹಕ್ಕು ಮೈದಾನದಲ್ಲಿ ಕೂತು, ಚೆಂಡನ್ನು ಬಿಟ್ಟು ಅವನೊಬ್ಬನನ್ನೇ ಮೂರು ಇನ್ನಿಂಗ್ಸ್ ನೋಡಿದವನಿಗೆ ಮಾತ್ರ. ಒಮ್ಮೆ ಮಾಡಿ ನೋಡಿ, ಕಷ್ಟ. ಚೆಂಡು ಕಣ್ಣನ್ನು ಎಳೆಯುತ್ತದೆ.

ಹಾಗೆಂದು ಫೀಲ್ಡಿಂಗ್ ಅಂಕಿಗೆ ತಲೆ ಒಪ್ಪಿಸಬೇಡಿ. ಒಂದು ಸೀಸನ್‌ನ ಅಂಕಿ ಏರುಪೇರಾಗುತ್ತದೆ. ಮೂರು ಸೀಸನ್ ಕೂಡಿಸಿ ನೋಡಿ ಎಂದು ಆ ಅಳತೆ ಬಲ್ಲವರೇ ಹೇಳುತ್ತಾರೆ. ಇನ್ನು ಕೆಲವು ಕ್ಷಣಗಳು ಯಾವ ಅಂಕಣಕ್ಕೂ ಹೊಂದುವುದಿಲ್ಲ. 2001ರ ಅಕ್ಟೋಬರ್ 13ರಂದು ಓಕ್ಲೆಂಡ್‌ನಲ್ಲಿ ನಡೆದ ಪ್ಲೇಆಫ್ ಪಂದ್ಯದಲ್ಲಿ ಬಲಮೂಲೆಯಿಂದ ಬಂದ ಎಸೆತ ಮಧ್ಯದಲ್ಲಿ ಹಿಡಿಯಬೇಕಾದ ಇಬ್ಬರ ತಲೆಯ ಮೇಲೂ ಹಾದುಹೋಯಿತು. ಇದೇ ಜೀಟರ್ ಮೈದಾನ ಅಡ್ಡಹಾಯ್ದು ಓಡಿಬಂದು, ಚೆಂಡು ಹೆಕ್ಕಿ, ಓಡುತ್ತಲೇ ಪಕ್ಕಕ್ಕೆ ಕ್ಯಾಚರ್ ಹೊರ್ಹೆ ಪೊಸಾಡಾಗೆ ತಳ್ಳಿದ. ರನ್ ಗಳಿಸಲು ಓಡಿಬರುತ್ತಿದ್ದ ಓಕ್ಲೆಂಡ್‌ನ ಜೆರೆಮಿ ಜಿಯಾಂಬಿ ಔಟ್. ಯಾಂಕೀಸ್ 1–0ಯಲ್ಲಿ ಗೆದ್ದಿತು. ಶಾರ್ಟ್‌ಸ್ಟಾಪ್‌ಗೆ ಆ ಜಾಗದಲ್ಲಿ ಏನು ಕೆಲಸ? ಅಂಕಿಯಲ್ಲಿ ಅದು ಒಂದು ‘ಅಸಿಸ್ಟ್’, ಔಟ್‌ಗೆ ನೆರವಾದ ಎಸೆತ, ಅಷ್ಟೇ. ಅದನ್ನು ಕಂಡವನು ಜೀಟರ್ ಕೆಟ್ಟ ಫೀಲ್ಡರ್ ಎಂದು ಒಪ್ಪಬೇಕಾದರೆ ಎದೆ ಗಟ್ಟಿ ಮಾಡಿಕೊಳ್ಳಬೇಕು. ನಾನು ಮಾಡಿಕೊಂಡಿದ್ದೇನೆ, ಸ್ವಲ್ಪ ನೋವಿನಿಂದಲೇ.

2015ರಿಂದ ಎಲ್ಲ ಮೈದಾನಗಳಲ್ಲೂ ಬಂದ ಸ್ಟ್ಯಾಟ್‌ಕಾಸ್ಟ್ ಎಂಬ ಅಳತೆಯ ವ್ಯವಸ್ಥೆ ಅಂಕಿ–ಕಣ್ಣುಗಳ ನಡುವಿನ ಗೆರೆಯನ್ನೇ ಅಳಿಸುತ್ತಿದೆ. ಬ್ಯಾಟ್‌ನಿಂದ ಚೆಂಡು ಎಷ್ಟು ವೇಗದಲ್ಲಿ ಹೊರಟಿತು, ಫೀಲ್ಡರ್ ಎಷ್ಟು ದೂರ ಎಷ್ಟು ಹೊತ್ತಿನಲ್ಲಿ ಓಡಿದ ಎಂಬುದನ್ನೆಲ್ಲ ಅಳೆದುಕೊಡುತ್ತದೆ. ಹಳೆಯ ಸ್ಕೌಟ್‌ಗಳು ಬ್ಯಾಟ್‌ನ ‘ಠಪ್’ ಸದ್ದು ಕೇಳಿ ತಲೆಯಾಡಿಸುತ್ತಿದ್ದರು. ಈಗ ಅದನ್ನೇ ಗಂಟೆಗೆ 95 ಮೈಲಿ ಮೀರಿದ ಹೊಡೆತ ಎಂದು ಬರೆಯುತ್ತಾರೆ.

ಕ್ಯಾಚರ್: ಕಣ್ಣು ಮೊದಲೇ ಕಂಡದ್ದು

ಈಗ ಕಣ್ಣಿನ ಪಕ್ಷಕ್ಕೆ ನ್ಯಾಯ. ಅಂಚಿನಲ್ಲಿ ಬಂದ ಎಸೆತವನ್ನು ಕೈ ಅಲುಗಿಸದೆ ಮೃದುವಾಗಿ ಹಿಡಿದು, ಅಂಪೈರ್‌ಗೆ ಅದು ಸ್ಟ್ರೈಕ್ (ಹೊಡೆಯಬಹುದಾಗಿದ್ದ ಸರಿಯಾದ ಎಸೆತ) ಎನಿಸುವಂತೆ ಮಾಡುವುದಕ್ಕೆ ‘ಫ್ರೇಮಿಂಗ್’ ಎನ್ನುತ್ತಾರೆ. ಕೋಚ್‌ಗಳು ಇದನ್ನು ದಶಕಗಳಿಂದ ಹೊಗಳುತ್ತಿದ್ದರು. ಅಂಕಿಯವರು ‘ಇದೆಲ್ಲ ಅಜ್ಜಿಕಥೆ’ ಎನ್ನುತ್ತಿದ್ದರು, ಏಕೆಂದರೆ ಅಳೆಯುವ ಸಾಧನ ಅವರಲ್ಲಿರಲಿಲ್ಲ. ಎಸೆತದ ಜಾಡು ಹಿಡಿಯುವ ಕ್ಯಾಮೆರಾಗಳು ಬಂದ ಮೇಲೆ 2011ರಲ್ಲಿ ಮೈಕ್ ಫಾಸ್ಟ್ ಎಂಬ ವಿಶ್ಲೇಷಕ ಲೆಕ್ಕ ಹಾಕಿ ತೋರಿಸಿದಾಗ ಕೋಚ್‌ಗಳು ಹೇಳಿದ್ದಕ್ಕಿಂತಲೂ ಹೆಚ್ಚಿನ ಬೆಲೆ ಅದಕ್ಕಿತ್ತು. ಬ್ಯಾಟಿಂಗ್‌ನಲ್ಲಿ ಏನೇನೂ ಅಲ್ಲದ ಹೊಸೆ ಮೊಲಿನಾ ಎಂಬ ಕ್ಯಾಚರ್ ಸೀಸನ್‌ಗೆ ಎಷ್ಟೋ ರನ್ ಉಳಿಸುತ್ತಿದ್ದ ಎಂದು ಆಗ ಗೊತ್ತಾಯಿತು. ಅಳೆಯಲು ಬಾರದ್ದು ಇಲ್ಲವೇ ಇಲ್ಲ ಎಂದು ಅಂಕಿಯವರು ಹೇಳುವಾಗಲೆಲ್ಲ ನನಗೆ ಈ ಮೊಲಿನಾ ನೆನಪಾಗುತ್ತಾನೆ. 2026ರ ಸೀಸನ್‌ಗೆ ಅಂಪೈರ್ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸುವ ವ್ಯವಸ್ಥೆಗೆ ಮೇಜರ್ ಲೀಗ್ ಒಪ್ಪಿಗೆ ಕೊಟ್ಟಿದೆ. ಅಳೆಯಲು ಕಲಿತ ಕೂಡಲೇ ಆ ಕಲೆಯ ಬೆಲೆ ಇಳಿಯುವ ಕಾಲವೂ ಬಂತು.

ಹುಡುಗರನ್ನು ಆರಿಸುವಾಗ

ಹದಿನಾರರ ಹುಡುಗನ ಹತ್ತಿರ ನಂಬಲರ್ಹ ಅಂಕಿ ಇರುವುದಿಲ್ಲ. ಎದುರಾಳಿಗಳ ಮಟ್ಟವೇ ಗೊತ್ತಿರುವುದಿಲ್ಲ. ಇಲ್ಲಿ ಸ್ಕೌಟ್‌ನ ಕಣ್ಣೇ ಗತಿ. ಅದು ಹೇಗೆಲ್ಲ ಕೈಕೊಡುತ್ತದೆ ನೋಡಿ: ವೆನೆಜುವೆಲಾದ ಮರಕಾಯ್‌ನಲ್ಲಿ ಹ್ಯೂಸ್ಟನ್ ತಂಡದ ಆಯ್ಕೆ ಶಿಬಿರಕ್ಕೆ ಬಂದ ಹೊಸೆ ಅಲ್ಟುವೆಯನ್ನು ಕುಳ್ಳ ಎಂದು ಮನೆಗೆ ಕಳಿಸಿದರು. ಮರುದಿನ ಮತ್ತೆ ಬಂದ. ಕೊನೆಗೆ 15,000 ಡಾಲರ್‌ಗೆ ಸಹಿ ಮಾಡಿಸಿಕೊಂಡರು. ಐದೂವರೆ ಅಡಿಯ ಅವನು 2017ರಲ್ಲಿ ಲೀಗ್‌ನ ಅತ್ಯುತ್ತಮ ಆಟಗಾರ. ಅದೇ ಕಣ್ಣು ಗೆದ್ದದ್ದೂ ಇದೆ. ನ್ಯೂಜೆರ್ಸಿಯ ಚಳಿಯಲ್ಲಿ ಹೈಸ್ಕೂಲ್ ಬೇಸ್‌ಬಾಲ್ ಆಡುತ್ತಿದ್ದ ಟ್ರೌಟ್‌ನನ್ನು ನೋಡಿ ಏಂಜಲ್ಸ್‌ನ ಸ್ಕೌಟ್ ಗ್ರೆಗ್ ಮೊರ್‌ಹಾರ್ಟ್ ಬಿಡದೆ ಬೆನ್ನುಹತ್ತಿದ. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸುವ 2009ರ ಡ್ರಾಫ್ಟ್‌ನಲ್ಲಿ ಟ್ರೌಟ್ 25ನೆಯವನಾಗಿ ಆಯ್ಕೆಯಾದ. 24ನೆಯ ಆಯ್ಕೆಯೂ ಏಂಜಲ್ಸ್‌ನದೇ, ಅದರಲ್ಲಿ ಬೇರೊಬ್ಬನನ್ನು ತೆಗೆದುಕೊಂಡಿದ್ದರು ಎಂಬುದು ತಮಾಷೆ.

ಬರೀ ಅಂಕಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದ್ದೇ ಉದಾಹರಣೆ. 2008ರಲ್ಲಿ ಭಾರತದಲ್ಲಿ ವೇಗದ ಎಸೆತದ ಸ್ಪರ್ಧೆ ನಡೆಸಿ, ಮುಖ್ಯವಾಗಿ ರೇಡಾರ್ ಗನ್ ತೋರಿಸಿದ ವೇಗದ ಮೇಲೆ ಉತ್ತರ ಪ್ರದೇಶದ ಜಾವೆಲಿನ್ ಎಸೆತಗಾರರಾದ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರನ್ನು ಆರಿಸಿದರು. ಪಿಟ್ಸ್‌ಬರ್ಗ್ ಪೈರೇಟ್ಸ್ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ತೋಳಿನಲ್ಲಿ ವೇಗವಿತ್ತು, ಬೇಸ್‌ಬಾಲ್ ಕೈಯಲ್ಲಿ ಹಿಡಿದದ್ದೇ ಹೊಸದು. ಇಬ್ಬರೂ ಮೇಜರ್ ಲೀಗ್‌ವರೆಗೆ ಹೋಗಲಿಲ್ಲ.

ಫೋನ್ ಮಾಡುವ ಗೆಳೆಯರಿಗೆ

ಫ್ಯಾಂಟಸಿ ಲೀಗ್‌ಗಾದರೆ ಕಣ್ಣನ್ನು ಮನೆಯಲ್ಲೇ ಬಿಟ್ಟು ಬನ್ನಿ; ಅಲ್ಲಿ ಸಾಮಾನ್ಯವಾಗಿ ಫೀಲ್ಡಿಂಗ್‌ಗೆ ಅಂಕವೇ ಇಲ್ಲ. ನಿಜವಾದ ಆಟಗಾರನ ಬೆಲೆ ತಿಳಿಯಬೇಕಾದರೆ ‘ವಾರ್’ನಿಂದ ಶುರುಮಾಡಿ. ಎರಡು ಎಂದರೆ ಸಾಧಾರಣ ಖಾಯಂ ಆಟಗಾರ, ಐದು ದಾಟಿದರೆ ತಾರೆ, ಎಂಟು ದಾಟಿದರೆ ವರ್ಷದ ಪ್ರಶಸ್ತಿಯ ಮಾತು. ಆದರೆ ಒಬ್ಬನದು 6.1, ಇನ್ನೊಬ್ಬನದು 5.6 ಇದ್ದರೆ ಇಬ್ಬರನ್ನೂ ಸಮ ಎಂದೇ ತಿಳಿಯಿರಿ. ಬೇಸ್‌ಬಾಲ್ ರೆಫರೆನ್ಸ್, ಫ್ಯಾನ್‌ಗ್ರಾಫ್ಸ್ ಎಂಬ ಎರಡು ಜಾಲತಾಣದವರು ಹಾಕುವ ಲೆಕ್ಕವೇ ಬೇರೆಬೇರೆ, ಪಿಚರ್ ವಿಷಯದಲ್ಲಂತೂ ಬಹಳ. ಹೀಗೆ ಸಮವಾಗಿ ಉಳಿದ ಇಬ್ಬರ ನಡುವೆ ಆರಿಸುವಾಗ ಮೈದಾನಕ್ಕೆ ಹೋಗಿ. ‘ಇವನು ಹೇಗಿದ್ದಾನೆ?’ ಎಂದು ನೋಡಿದರೆ ಏನೂ ಕಾಣುವುದಿಲ್ಲ. ‘ಈ ತಿಂಗಳು ಇವನ ಸ್ಟ್ರೈಕ್‌ಔಟ್ ಏಕೆ ಏರಿತು?’ ಎಂಬ ಪ್ರಶ್ನೆ ಇಟ್ಟುಕೊಂಡು ಹೋದರೆ, ಒಳಗೆ ನುಗ್ಗುವ ವೇಗದ ಎಸೆತಕ್ಕೆ ಅವನ ಕೈ ತಡವಾಗುತ್ತಿರುವುದು ಎರಡೇ ಪಂದ್ಯದಲ್ಲಿ ಕಾಣುತ್ತದೆ.

ನಾನು ಹೋಗುವ ಮೈದಾನದಲ್ಲಿ ಮೂರನೆಯ ಬೇಸ್ ಕಡೆ, ಅಗ್ಗದ ಸಾಲಿನಲ್ಲಿ, ಒಬ್ಬ ಮುದುಕರು ಕೂರುತ್ತಾರೆ. ತೊಡೆಯ ಮೇಲೆ ಸ್ಕೋರ್‌ಕಾರ್ಡ್, ಕಿವಿಯ ಮೇಲೆ ಪೆನ್ಸಿಲ್. ಶಾರ್ಟ್‌ಸ್ಟಾಪ್ ಹಿಡಿದು ಮೊದಲ ಬೇಸ್‌ಗೆ ಎಸೆದರೆ ಎಲ್ಲರೂ ಬರೆಯುವುದು ‘6–3’. ಕೈಗೇ ಬಂದ ಚೆಂಡಾದರೂ ಅಷ್ಟೇ, ಮಣ್ಣಿಗೆ ಬಿದ್ದು ಹಿಡಿದದ್ದಾದರೂ ಅಷ್ಟೇ. ಅದಕ್ಕೆ ಅವರು ಚೆನ್ನಾಗಿ ಹಿಡಿದದ್ದರ ಪಕ್ಕ ಒಂದು ಚುಕ್ಕಿ ಇಡುತ್ತಾರೆ. ಹೋದ ಬೇಸಿಗೆಯಲ್ಲಿ ಒಂದು ಸಂಜೆ, ಏಳನೆಯ ಇನ್ನಿಂಗ್ಸ್‌ನಲ್ಲಿ ನಮ್ಮ ಶಾರ್ಟ್‌ಸ್ಟಾಪ್ ಉದ್ದಕ್ಕೆ ಹಾರಿ ಚೆಂಡು ತಡೆದು, ಮೊಣಕಾಲ ಮೇಲಿಂದಲೇ ಎಸೆದು ಔಟ್ ಮಾಡಿದ. ಇಡೀ ಸ್ಟ್ಯಾಂಡ್ ಎದ್ದು ಕೂಗಿತು, ನಾನೂ ಎದ್ದೆ. ಅವರು 6–3 ಬರೆದರು, ಪೆನ್ಸಿಲ್ ಕಾಗದದ ಮೇಲೆ ಒಂದು ಕ್ಷಣ ನಿಂತಿತು, ಆಮೇಲೆ ಕಿವಿಯ ಮೇಲೆ ಹೋಯಿತು. ಚುಕ್ಕಿ ಇಡಲಿಲ್ಲವೇಕೆ ಎಂದು ಕೇಳಿದೆ.

‘ಹೊರಟದ್ದೇ ತಡವಾಗಿ’ ಎಂದರು.